ನಿಂಬೆಹಣ್ಣು ಕಟ್ಟಿದ ತಂತಿ

ಹೆಡ್‌ಲೈಟ್ ಹಾಕಿದ ಕೂಡಲೇ ಫ್ಯೂಸ್ ಮತ್ತೆ ಸುಟ್ಟುಹೋಯಿತು. ಸಂಜೆಯೊಳಗೆ ಸರಿಯಾಗದಿದ್ದರೆ ಈ ಹಳೇ ಕಾರನ್ನು ಮಾರಿದವರಿಗೇ ವಾಪಸು ಕೊಡುವುದಾಗಿ ಅಪ್ಪ ಹೇಳಿದ್ದರು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೆ ನಿಂತು ಬಲ್ಬ್, ಸ್ವಿಚ್, ರಿಲೇ ಒಂದೊಂದನ್ನೇ ನೋಡಿ ಡೈರಿಯಲ್ಲಿ ಗುರುತು ಹಾಕಿದ್ದೆ. ಕೊನೆಗೆ ಲೈಟಿನ ಹಿಂದೆ ಕೈಹಾಕಿದಾಗ ತೆಳ್ಳಗಿನ ತಂತಿಯೊಂದು ಸಿಕ್ಕಿತು. ಅದರ ಇನ್ನೊಂದು ತುದಿಯಲ್ಲಿ ಅಮ್ಮ ಶನಿವಾರ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿದ್ದವು. ತಂತಿ ಲೈಟಿನ ಪಿನ್ನಿಗೂ ಕಾರಿನ ಬಾಡಿಗೂ ತಾಗಿ ಶಾರ್ಟ್ ಆಗುತ್ತಿತ್ತು.

“ಅಮ್ಮಾ, ಕಾರಿಗೆ ದೃಷ್ಟಿ ತಾಗಿದ್ದು ನಿನ್ನ ನಿಂಬೆಹಣ್ಣಿನದ್ದೇ ಮಾರಾಯ್ತಿ!”

“ಹಳೇ ಗಾಡಿಗೆ ನೂಲು ಸಾಕಾಗ್ತದಾ? ಅದಕ್ಕೇ ಗಟ್ಟಿ ತಂತಿಯಲ್ಲಿ ಕಟ್ಟಿದ್ದು. ನಿನ್ನ ಡೈರಿಯಲ್ಲಿ ನನ್ನ ಹೆಸರು ಬರೀಬೇಡ, ಆಯ್ತಾ?”

ಕಾರು ನಮ್ಮಲ್ಲೇ ಉಳಿಯಿತು. ಈಗ ಅಮ್ಮ ನೂಲಿನಲ್ಲೇ ಕಟ್ಟುತ್ತಾರೆ. ಕಟ್ಟಿದ ಮೇಲೆ ಕೈಮುಗಿಯುವ ಮೊದಲು, ನನ್ನನ್ನು ಕರೆದು ಒಮ್ಮೆ ಲೈಟ್ ಹಾಕಿಸಿ ನೋಡುತ್ತಾರೆ.