ಅವಿಸಳ ಹೊಸ ಮಂಡಿ

ನಮ್ಮೂರಿನ ಹಳೇ ಜೇಡಿಮಣ್ಣಿನ ಗಣಿಯಲ್ಲಿ ನೀರು ನಿಂತು ಅರವತ್ತು ವರ್ಷವಾಯಿತು. ಹಾಲು ಹಾಕಿದ ಚಹಾದ ಬಣ್ಣ. ಮುಳುಗಿದವರಿಗೆ ಚಾಚಿದ ತಮ್ಮ ಕೈಯೇ ಕಾಣದು. ಮುಖಕ್ಕೆ ಒತ್ತಿ ಹಿಡಿದ ದಿಕ್ಸೂಚಿಯ ಮುಳ್ಳು, ಕಾಲು ಬಡಿದ ಲೆಕ್ಕ, ಇವೆರಡೇ ಅಲ್ಲಿ ಆಸರೆ. ನಮ್ಮ ಮುಳುಗುಗಾರರ ಸಂಘದ ಅರ್ಧ ಜನಕ್ಕೆ ಇದನ್ನು ಕಲಿಸಿದವಳು ಶಾಲಾ ಬಸ್ಸು ಓಡಿಸುವ ಅವಿಸ್ ಪೆಂಗೆಲಿ. "ನೀರೊಳಗೆ ಮನಸ್ಸು ಸುಳ್ಳು ಹೇಳತ್ತೆ, ಮುಳ್ಳು ಹೇಳಲ್ಲ" ಎಂಬ ಅವಳ ಮಾತು ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ.

ಅರವತ್ತು ದಾಟಿದವರಿಗೆ ಸಂಘದಲ್ಲಿ ವರ್ಷಕ್ಕೊಂದು ಪರೀಕ್ಷೆ. ನೀರ ಮೇಲೆ ತೇಲುವ ಕೆಂಪು ಗುರುತುಗುಂಡಿನ ಬಳಿ ಮುಳುಗಿ, ತಳದಲ್ಲೇ ಚೌಕವಾಗಿ ಸುತ್ತಿ, ಅದರ ಪಕ್ಕದಲ್ಲೇ ಏಳಬೇಕು. ದೂರ ಎದ್ದರೆ ಮುಗಿಯಿತು, ಮತ್ತೆಂದೂ ಇಳಿಯುವಂತಿಲ್ಲ. ಇನ್ನು, ವಯಸ್ಸು ಎಷ್ಟೇ ಇರಲಿ, ದಾರಿ ತಪ್ಪಿದವರು ಅಂದಿನ ಸಾಸೇಜು ಊಟದ ತಟ್ಟೆಗಳನ್ನೆಲ್ಲ ತೊಳೆಯಬೇಕು. ಇಪ್ಪತ್ತಾರು ವರ್ಷದಲ್ಲಿ ಅವಿಸ್ ಒಂದು ತಟ್ಟೆಯನ್ನೂ ತೊಳೆದವಳಲ್ಲ. ಆ ಜಂಬ ಅವಳಿಗೆ ಸಾಕಷ್ಟಿತ್ತು.

ಈ ಸಲ ಅವಳ ಎಡಮಂಡಿ ತೆಗೆದು ಲೋಹದ್ದು ಕೂರಿಸಿದ್ದರು. ಬಡಿತದ ಬಲ ಬದಲಾಯಿತೆಂದು ಆರು ವಾರ ಊರಿನ ಈಜುಕೊಳದಲ್ಲಿ ಹೊಸ ಲೆಕ್ಕ ಹಿಡಿದಳು. ಮೊದಲು ಇಪ್ಪತ್ತೆರಡು ಬಡಿತಕ್ಕೆ ಸಿಗುತ್ತಿದ್ದ ಗೋಡೆಗೆ ಈಗ ಇಪ್ಪತ್ತೇಳು ಬೇಕಾಯಿತು.

ಪರೀಕ್ಷೆಯ ದಿನ ಕಾರ್ಯದರ್ಶಿ ಮರ್ವ್ ಸುಮ್ಮನಿರಬೇಕಲ್ಲ!

"ಲೆಕ್ಕವೇನೋ ಸರಿ ಕಣೇ. ಆ ಕಬ್ಬಿಣದ ಮಂಡಿ ಮುಳ್ಳನ್ನೇ ಎಳ್ಕೊಂಡುಬಿಟ್ರೆ? ನಿನ್ ಮಂಡಿ ಸುತ್ತಾನೇ ತಿರುಗ್ತಿರ್ತೀಯ!"

"ನಿನ್ ತಲೇಲಿ ಏನಾದ್ರೂ ಇದ್ದಿದ್ರೆ ಮುಳ್ಳು ಅಲ್ಲಿಗೂ ತಿರುಗ್ತಿತ್ತು. ಬಾಯ್ಮುಚ್ಕೊಂಡು ದೋಣಿ ಹತ್ತು."

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅವಳು ಮುಳುಗಿದಳು. ನಾನು ಮರ್ವನ ಜೊತೆ ದೋಣಿಯಲ್ಲಿದ್ದೆ. ಅವಳಿಗೆ ಕಟ್ಟಿದ್ದ ಹಗ್ಗದ ತುದಿಯ ಹಳದಿ ಚೆಂಡು ಮೇಲೆ ಗೆರೆ ಎಳೆದಂತೆ ಸಾಗಿತು. ಒಂದು ಮೂಲೆ ತಿರುಗಿತು, ಎರಡನೆಯದೂ ತಿರುಗಿತು. ಮೂರನೇ ಬದಿಯ ನಡುವೆ ಗಕ್ಕನೆ ನಿಂತಿತು.

ಗುಳ್ಳೆಗಳು ಬರುತ್ತಿದ್ದವು. ಚೆಂಡು ಮಾತ್ರ ಅಲ್ಲಾಡದು.

"ಯಾಕೋ ನಿಂತ್ಲು?" ಮರ್ವ್ ದೋಣಿಯಂಚಿಗೆ ಬಗ್ಗಿದ. "ನಾನು ತಮಾಷೆಗೆ ಅಂದಿದ್ದು ಕಣೋ."

"ಅದನ್ನ ಅವಳಿಗೆ ಹೇಳ್ಬೇಕಿತ್ತು," ಎಂದೆ.

ಎರಡು ನಿಮಿಷವಾದ ಮೇಲೆ ಚೆಂಡು ಮತ್ತೆ ಹೊರಟಿತು. ಅದೇ ಗೆರೆ, ಅದೇ ನೇರ. ಕೊನೆಯ ಮೂಲೆಯನ್ನೂ ತಿರುಗಿ, ಅವಿಸಳ ತಲೆ ಗುರುತುಗುಂಡಿಗೇ ಢಿಕ್ಕಿ ಹೊಡೆದು ಮೇಲೆದ್ದಿತು. ದಡದಲ್ಲಿದ್ದವರೆಲ್ಲ ಸಿಳ್ಳೆ ಹಾಕಿದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ನಡುವೆ ಯಾಕೆ ನಿಂತೆ?" ಎಂದು ಕೇಳಿದೆ.

"ಎಡಕ್ಕೆ ಹೋಗು ಅಂತ ಮನಸ್ಸು, ನೇರ ಹೋಗು ಅಂತ ಮುಳ್ಳು. ಇವನ ಮಾತು ನೆನಪಾಗಿ ಮುಳ್ಳಿನ ಮೇಲೇ ಅನುಮಾನ ಬಂತು. ತಳದಲ್ಲಿ ಕೂತು ಕಂಪಾಸನ್ನ ಮಂಡಿ ಹತ್ರ ತಂದೆ, ದೂರ ಹಿಡ್ದೆ, ಮತ್ತೆ ತಂದೆ. ಮುಳ್ಳು ಕೂದಲೆಳೆಯಷ್ಟೂ ಕದಲಲಿಲ್ಲ."

ಊಟವಾಯಿತು. ನೋಡಿದರೆ ಅವಿಸ್ ಅಂಗಿತೋಳು ಮಡಚಿ ತಟ್ಟೆಗಳ ಬಾನಿಯ ಮುಂದೆ ನಿಂತಿದ್ದಾಳೆ.

"ನೀನು ಪಾಸು ಕಣೇ! ಇದ್ಯಾಕೆ?" ಎಂದ ಮರ್ವ್.

"ಎರಡು ನಿಮಿಷ ಮುಳ್ಳು ಬಿಟ್ಟು ನಿನ್ನ ನಂಬಿದೆನಲ್ಲ, ಅದಕ್ಕೆ."

ಮರ್ವ್ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ.