ಕೊನೆಯ ಸಾಲಿನ ನಸೀಮಾ ಮೇಡಂ

ನಸೀಮಾ ಮೇಡಂ ಒಂದು ದಿನವೂ ಮೈಕಿನ ಮುಂದೆ ನಿಂತವರಲ್ಲ. ಶಾಲೆಯಲ್ಲಿ ಯಾವ ಸಮಾರಂಭವಿರಲಿ, ಶಾಮಿಯಾನದ ಕೊನೆಯ ಸಾಲಿನಲ್ಲಿ ಕೂತು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಕೇಳುತ್ತಿದ್ದರು. ಮಾತಾಡುವ ಮಗುವಿನ ದನಿ ಇಳಿದರೆ ಆ ಕೈ ಒಂದಿಷ್ಟು ಮುಂದಕ್ಕೆ ಬಾಗುತ್ತಿತ್ತು, ಮಗುವಿನ ದನಿ ತಾನಾಗಿ ಏರುತ್ತಿತ್ತು. ಅವರು ಗಣಿತದ ಮೇಡಂ. ಕನ್ನಡ ಮೇಷ್ಟ್ರು ನಾನು, ಭಾಷಣ ಕಲಿಸಬೇಕಾದವನೂ ನಾನೇ. ಅವರ ಬಗ್ಗೆ ಹೊಟ್ಟೆಕಿಚ್ಚಿಲ್ಲದೆ ಬರೆಯುವುದು ನನ್ನಿಂದಾಗದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವರು ದಿನಾ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಮೇಲೂರಿಗೆ ಬರುತ್ತಿದ್ದರು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂರದೆ ಜಗುಲಿಯ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚುವುದು ಅಭ್ಯಾಸ. ಪಕ್ಕದಲ್ಲಿ ಯಾವುದಾದರೂ ಮಗು ಇದ್ದೇ ಇರುತ್ತಿತ್ತು. ಆ ಮಗು ಏನು ಹೇಳಲು ಹೊರಟರೂ ಇವರದು ಒಂದೇ ಮಾತು: “ನಂಗೆ ಗೊತ್ತಿಲ್ಲಮ್ಮ, ನೀನೇ ಹೇಳು.” ಗೊತ್ತಿದ್ದುದಕ್ಕೂ ಹಾಗೇ ಅನ್ನುತ್ತಿದ್ದರು. ಮೇಷ್ಟ್ರಾದವರು ಗೊತ್ತಿಲ್ಲ ಅನ್ನಬಹುದೇ ಎಂದು ನಾನು ಹಿಂದಿನಿಂದ ಆಡಿಕೊಳ್ಳುತ್ತಿದ್ದೆ.

ನನ್ನ ಮಗಳು ಭವ್ಯ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಮನೆಯಲ್ಲಿ ಅವಳ ಬಾಯಿಂದ ಮಾತು ಹೊರಡಿಸುವುದೇ ಕಷ್ಟ. ಸುತ್ತಮುತ್ತ ಯಾರು ನಿವೃತ್ತರಾದರೂ ಬೀಳ್ಕೊಡುಗೆಯ ಮಾತು ನನ್ನದೇ ಆಗಬೇಕು, ನನ್ನ ಮಗಳು ಮೂಕಿಯಂತೆ ಕೂತರೆ ಹೇಗೆ? ವಾರ್ಷಿಕೋತ್ಸವಕ್ಕೆ ಸ್ವಾಗತ ಭಾಷಣ ಬರೆದುಕೊಟ್ಟು ಬಾಯಿಪಾಠ ಮಾಡಿಸಿದೆ. ವೇದಿಕೆಯಲ್ಲಿ ಕೂರುವವರನ್ನೆಲ್ಲ ಹೆಸರು ಹಿಡಿದು ಸಂಬೋಧಿಸುವ ಭಾಗವನ್ನಂತೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಿದ್ದಳು. ಆದರೆ ಆ ದಿನ ಮುಖ್ಯ ಅತಿಥಿಗಳು ಬರಲಿಲ್ಲ. ಅವಳು ಅವರ ಹೆಸರಿನ ತನಕ ಬಂದಳು, ತಿರುಗಿ ಖಾಲಿ ಕುರ್ಚಿ ನೋಡಿದಳು, ಅಲ್ಲಿಗೇ ನಿಂತಳು. ನಾನು ವೇದಿಕೆಯ ಪಕ್ಕದಿಂದ ಹೆಸರು ಪಿಸುಗುಟ್ಟಿದೆ, ಆಮೇಲೆ ಕೂಗಿದೆ. ಇಡೀ ಶಾಮಿಯಾನಕ್ಕೆ ನಾನು ಕೇಳಿಸಿದೆ. ಅವಳು ಬಾಯಿ ಬಿಡದೆ ಕೆಳಗಿಳಿದಳು.

ಮಾರನೆಯ ದಿನವೇ ಇನ್ನೊಂದು ಭಾಷಣ ಬರೆದು ಕೈಗೆ ಕೊಟ್ಟೆ. ಅವಳು ಅದನ್ನು ಪುಸ್ತಕದೊಳಗಿಟ್ಟು, ಮಧ್ಯಾಹ್ನ ಮೇಡಂ ಪಕ್ಕದ ಮೆಟ್ಟಿಲ ಮೇಲೆ ಕೂರತೊಡಗಿದಳು.

ಮೇಡಂ ಮನೆಯವರು ರೇಷ್ಮೆ ನೂಲು ತೆಗೆಯುವವರು. ನಮ್ಮ ಮನೆಯಲ್ಲಿ ಹುಳ ಸಾಕುತ್ತೇವೆ. “ಗೂಡು ಮಾರ್ಕೆಟ್ಟಿಗೆ ಬಂದ್ಮೇಲಿಂದೆಲ್ಲಾ ನಂಗೆ ಗೊತ್ತು. ಅದಕ್ಕ್ ಮುಂಚೆ ಹುಳ ಏನೇನ್ ಮಾಡತ್ತೆ? ನೀನೇ ಹೇಳಮ್ಮ,” ಅಂದರಂತೆ. ಭವ್ಯ ಹೇಳತೊಡಗಿದಳು. ಮೊದಲು ಮೆಟ್ಟಿಲ ಮೇಲೆಯೇ ಕೂತು ಕೇಳುತ್ತಿದ್ದ ಮೇಡಂ ದಿನ ಕಳೆದಂತೆ ಅವಳನ್ನು ಅಲ್ಲೇ ಬಿಟ್ಟು ಹೊಂಗೆಮರದ ಕೆಳಗೆ ಹೋಗಿ ಕೂತರು, ಆಮೇಲೆ ನಲ್ಲಿಯ ಹತ್ತಿರ, ಕೊನೆಗೆ ಮೈದಾನದಾಚೆಯ ಕಾಂಪೌಂಡಿನ ಬಳಿ. ಕಿವಿಯ ಹಿಂದೆ ಅದೇ ಕೈ. ನಾನು ಕಿಟಕಿಯಿಂದ ನೋಡುತ್ತಿದ್ದೆ. “ಪೊರೆ ಬಿಡೋಕ್ ಮುಂಚೆ ಹುಳ ಜ್ವರಕ್ಕೆ ಕೂತಾಗ ತಲೆ ಎತ್ಕೊಂಡು ಸುಮ್ನೆ ಇರತ್ತೆ ಮೇಡಂ. ಆಗ ಸೊಪ್ಪು ಹಾಕ್ಬಾರ್ದು. ಪೊರೆ ಬಿಟ್ಮೇಲೆ ತಾನೇ ತಿನ್ನತ್ತೆ,” ಎಂದು ನನ್ನ ಮಗಳು ಮೈದಾನದ ಉದ್ದಕ್ಕೂ ಕೇಳುವಂತೆ ಹೇಳುತ್ತಿದ್ದಳು. ಆಡುತ್ತಿದ್ದ ಮಕ್ಕಳು ಚೆಂಡು ಬಿಟ್ಟು ನಿಂತು ಕೇಳುತ್ತಿದ್ದರು. ಮನೆಯಲ್ಲಿ ಸಾರು ಬೇಕಾದರೆ ತಟ್ಟೆ ಮುಂದೆ ತಳ್ಳುವ ಹುಡುಗಿ ಇವಳು.

ತಡೆಯಲಾರದೆ ಹೋಗಿ ಕೇಳಿದೆ. “ಮೇಡಂ, ಭಾಷಣ ಅಂದ್ರೆ ಮೊದ್ಲು ಸಂಬೋಧನೆ ಬರ್ಬೇಕಲ್ವಾ? ಅವ್ಳಿಗೆ ಮರ್ತೋಗಿದ್ದೇ ಅದು.”

ಅವರು ಡಬ್ಬಿ ಮುಚ್ಚುತ್ತಾ, “ಮರ್ತಿರ್ಲಿಲ್ಲ ಸಾರ್. ಬರ್ದೇ ಇರೋರ ಹೆಸ್ರು ಹೇಳಿದ್ರೆ ತಪ್ಪಾಗತ್ತೆ, ಬಿಟ್ರೆ ಅಪ್ಪ ಬೈತಾರೆ ಅಂತ ನಿಂತ್ಬಿಟ್ಳಂತೆ,” ಅಂದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕರು. “ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ಬಾರ್ದಂತಲ್ಲ ಸಾರ್? ನಿಮ್ ಮಗ್ಳೇ ಹೇಳಿದ್ದು, ನಂಗೆಲ್ಲಿ ಗೊತ್ತು.”

ಬುದ್ಧಿ ಹೇಳಿಸಿಕೊಂಡದ್ದಕ್ಕೆ ನನಗೆ ಬೇಸರವಾಗಲಿಲ್ಲ. ಒಂದೇ ಸೂರಿನಡಿ ಇರುವ ನನಗೆ ಹೇಳದ್ದನ್ನು ಅವಳು ಇವರಿಗೆ ಹೇಳಿದ್ದಳು. ನೋವಾದದ್ದು ಅದಕ್ಕೆ.

ಮರುವರ್ಷ ಚಿಕ್ಕಬಳ್ಳಾಪುರದ ಸ್ಪರ್ಧೆಯಲ್ಲಿ ಭವ್ಯ ಎಲ್ಲರಿಗೂ ಒಂದೇ ನಮಸ್ಕಾರ ಹೇಳಿ ನೇರ ವಿಷಯಕ್ಕಿಳಿದಳು, ಬಹುಮಾನ ತಂದಳು. “ಮೇಷ್ಟ್ರ ಮಗಳಲ್ವಾ, ಕೇಳ್ಬೇಕಾ,” ಎಂದು ಜನ ನನ್ನ ಕೈ ಕುಲುಕಿದರು. ನಾನು ಅಲ್ಲ ಅನ್ನಲಿಲ್ಲ. ಕೊನೆಯ ಸಾಲಿನಲ್ಲಿ ಮೇಡಂ ಬಸ್ಸಿಗೆ ಹೊತ್ತಾಯಿತೆಂದು ಬ್ಯಾಗು ಸರಿಮಾಡಿಕೊಳ್ಳುತ್ತಿದ್ದರು. ಹೊಗಳಿಕೆ ಬೇಡವೆನ್ನುವ ಆ ನೆಮ್ಮದಿಯನ್ನು ಕಂಡೂ ನನಗೆ ಅಸೂಯೆ.

ಆ ವರ್ಷವೇ ಅವರಿಗೆ ಗೌರಿಬಿದನೂರಿನ ಕಡೆಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಬಲವಂತವಾಗಿ ವೇದಿಕೆ ಹತ್ತಿಸಿ ನನ್ನ ಪಕ್ಕದಲ್ಲಿ ಕೂರಿಸಿದರು. ನಾನು ಹಾರ ತುರಾಯಿಯಂಥ ಮಾತುಗಳನ್ನಾಡಿ ಚಪ್ಪಾಳೆ ಗಿಟ್ಟಿಸಿದೆ. ಮಕ್ಕಳ ಪರವಾಗಿ ಭವ್ಯ ಎದ್ದಳು. ಮೈಕಿನ ಮುಂದೆ ನಿಂತು ಸಭೆಯ ಉದ್ದಕ್ಕೂ, ಕೊನೆಯ ಸಾಲಿನ ತನಕ ಕಣ್ಣು ಹಾಯಿಸಿ ಸುಮ್ಮನಾದಳು. ನಾನು ಏನಾದರೂ ಎತ್ತಿಕೊಡಲು ಬಾಯಿ ತೆರೆದೆ. ಮೇಡಂ ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದರು.

ಭವ್ಯ ಸಭೆಗೆ ಬೆನ್ನು ಮಾಡಿ ತಿರುಗಿದಳು. ಮೈಕು ಅವಳ ಹಿಂದೆ ಉಳಿಯಿತು. “ಕೇಳಿಸ್ತಿಲ್ಲ,” ಎಂದು ಯಾರೋ ಕೂಗಿದರೂ ಲೆಕ್ಕಿಸದೆ ಮೇಡಂ ಮುಖವನ್ನೇ ನೋಡುತ್ತಾ ಮಾತಾಡಿದಳು. ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನನ್ನ ಮಗಳ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಕೊನೆಗೆ ಮೇಡಂ ಕಡೆಗೆ ಒಂದು ಹೆಜ್ಜೆ ಇಟ್ಟಳು.

“ಇನ್ಮೇಲೆ ನಾನ್ ಯಾರ ಹತ್ರ ಹೇಳ್ಲಿ ಮೇಡಂ?” ಅಂದಳು.

ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ.