ಮೇಸ್ತ್ರಿ ಆರಿಸಿದ ಪುಟ್ಟ ಲಿಫ್ಟ್

ಜಾಲಹಳ್ಳಿಯ ನಮ್ಮ ಕಾರ್ಖಾನೆ ಕಾಲೊನಿಯ ಮರಗಳ ನೆರಳು ನೆನೆದಾಗಲೆಲ್ಲ ತೋಟದ ಮೇಸ್ತ್ರಿ ಕಣ್ಮುಂದೆ ಬರುತ್ತಾರೆ. ಕೊಂಬೆ ಕಡಿಸುವ ಮುನ್ನ ಕಾಂಡದ ಮೇಲೆ ಅಂಗೈಯಿಟ್ಟು, "ಆತುರ ಬೇಡ ಕಣ್ರೀ," ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ಮರ ಹತ್ತುವ ಆಳೊಬ್ಬ ಬಿದ್ದು ಕಾಲು ಮುರಿದುಕೊಂಡ. ಆಮೇಲೆ ಕಾರ್ಖಾನೆಯವರು, ಕೊಂಬೆ ಕಡಿಯುವ ಆಳನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಲಿಫ್ಟ್ ಕೊಳ್ಳಲು ಒಪ್ಪಿದರು. ಮೇಸ್ತ್ರಿ ಕಾಲು ವಾಸಿಯಾಗಿದ್ದ ಆ ಆಳನ್ನೂ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದ ನನ್ನನ್ನೂ ಪೀಣ್ಯದ ಯಂತ್ರದ ಅಂಗಡಿಗೆ ಕರೆದೊಯ್ದರು. ಮಾರುವವನು ಎತ್ತರದ ಲಿಫ್ಟನ್ನೇ ಹೊಗಳಿದ.

"ಅದು ಮನೆ ಹಿಂದಿನ ಓಣಿಗೆ ನುಗ್ಗಲ್ಲ," ಎಂದರು ಮೇಸ್ತ್ರಿ. ಚಿಕ್ಕದನ್ನು ತೋರಿಸಿ ಆಳಿಗೆ ಹೇಳಿದರು: "ನೀನೇ ನಿಂತ್ ನೋಡು. ಭಯ ಆದ್ರೆ ಇದೂ ಬೇಡ."

ಬುಟ್ಟಿ ಮೇಲೇರಿತು. ಅವನು ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ. ಸ್ವಲ್ಪ ಹೊತ್ತಿಗೆ ಒಂದು ಕೈ ಬಿಟ್ಟು, ಪಕ್ಕದ ಹೊಂಗೆಯ ತುದಿಚಿಗುರನ್ನು ಮೆಲ್ಲಗೆ ಸವರತೊಡಗಿದ.

ಮಾರುವವನು ಕೆಳಗಿಳಿಸಲು ಹೋದಾಗ ಮೇಸ್ತ್ರಿ ಅವನ ಕೈ ಹಿಡಿದರು.

"ಇರ್ಲಿ ಬಿಡಿ ಸಾರ್. ಬಿದ್ದಾಗಿಂದ ಅವ್ನು ಮರದ್ ಹತ್ರಾನೇ ಹೋಗಿಲ್ಲ, ವರ್ಷ ಆಯ್ತು."